ಗೌರತ್ತೆ ಕಾರಣ ಹೇಳಲಿಲ್ಲ

ಬೆಳಿಗ್ಗೆ ಪತ್ರಿಕೆ ಬಿಡಿಸುವಾಗ ಒಳಗಿನಿಂದ ಒಂದು ಬಣ್ಣದ ಕರಪತ್ರ ಜಾರಿ ಕಾಫಿ ಲೋಟದ ಪಕ್ಕ ಬಿತ್ತು. ಪ್ರವಾಸ ಏರ್ಪಡಿಸುವ ಯಾವುದೋ ಸಂಸ್ಥೆಯದು. ಪಿರಮಿಡ್ಡಿನ ಚಿತ್ರ, ಒಂಟೆಯ ಚಿತ್ರ, ಒಂಟೆಯ ಮೇಲೆ ಕೂತು ಹೆದರಿಕೆ ಮುಚ್ಚಿಕೊಂಡು ನಗುತ್ತಿರುವ ದಂಪತಿಯ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಈಜಿಪ್ಟನ್ನು ನೀವು ನೋಡಲೇಬೇಕಾದ ಹತ್ತು ಕಾರಣಗಳು’ ಎಂದಿತ್ತು.

ನಾನು ಸುದ್ದಿಮನೆಯ ಡೆಸ್ಕಿನಲ್ಲಿ ಬೇರೆಯವರ ಬರಹ ತಿದ್ದುತ್ತ ಕೂತು, ನಿವೃತ್ತನಾಗಿ ಈಗ ತಿಪಟೂರಿನಲ್ಲಿರುವವನು. ಮುದ್ರಿತವಾದದ್ದು ಏನೇ ಕೈಗೆ ಸಿಕ್ಕಿದರೂ, ಅದು ಮದುವೆಯ ಕರೆಯೋಲೆಯಾಗಲಿ, ಔಷಧದ ಡಬ್ಬಿಯಾಗಲಿ, ಕೈ ತಾನಾಗಿಯೇ ಪೆನ್ಸಿಲ್ ಹುಡುಕುತ್ತದೆ. ಕರಪತ್ರವನ್ನೂ ತಿದ್ದಿದೆ. ಐದನೆಯ ಕಾರಣ ಎರಡನೆಯದರ ಪುನರುಕ್ತಿ. ಎಂಟನೆಯದು ಕಾರಣವೇ ಅಲ್ಲ, ರಿಯಾಯಿತಿಯ ವಿವರ. ಒಂಟೆ ಸವಾರಿಯನ್ನು ಒಂದು ಪುರಾತನ ನಾಗರಿಕತೆಯ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದ್ದು ಸರಿಯಲ್ಲ. ಹೀಗೆ ಹೊಡೆದು ಹೊಡೆದು ಕೊನೆಗೆ ಉಳಿದದ್ದು ಮೂರೋ ನಾಲ್ಕೋ. ಅವೂ ಸಪ್ಪೆ. ಪೆನ್ಸಿಲ್ ಕೆಳಗಿಟ್ಟಾಗ ನೆನಪಾದವಳು ನಮ್ಮ ಗೌರತ್ತೆ. ಅವಳು ಒಂದು ಕಾರಣವನ್ನೂ ಕೊಡದೆ ಆ ದೇಶ ನೋಡಿ ಬಂದವಳು. ಜೊತೆಗೆ ನಾನೂ ಹೋಗಿದ್ದೆ. ಆದ್ದರಿಂದ ಇಲ್ಲಿ ಬರೆಯುವುದು ಕೇಳಿದ್ದಲ್ಲ, ಕಂಡದ್ದು.

ನೀವು ನಮ್ಮ ಕಡೆಯವರಾಗಿದ್ದರೆ ಒಂದು ವಿಷಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಾಗಿದ್ದರೆ ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಜನ ಊರು ನೋಡಲು ಹೋಗುವುದಿಲ್ಲ, ಊರಿನಲ್ಲಿರುವವರನ್ನು ನೋಡಲು ಹೋಗುತ್ತಾರೆ. ಮದುವೆ, ಸಾವು, ಹರಕೆ, ಆಸ್ಪತ್ರೆ, ಕೋರ್ಟು, ಸಂತೆ, ಇಷ್ಟರಲ್ಲಿ ಒಂದಿಲ್ಲದೆ ಬಸ್ಸು ಹತ್ತಿದವನನ್ನು ಪಕ್ಕದ ಸೀಟಿನವರು ಸುಮ್ಮನೆ ಬಿಡುವುದಿಲ್ಲ. ನೀವು ಕಾಶಿಗೆ ಹೊರಟೆನೆಂದರೂ, ಕಾಶ್ಮೀರಕ್ಕೆ ಹೊರಟೆನೆಂದರೂ ಮೊದಲ ಪ್ರಶ್ನೆ, “ಅಲ್ಲಿ ಯಾರವ್ರೆ ನಿಮ್ಮೋರು?” ಯಾರೂ ಇಲ್ಲವೆಂದರೆ, ಪಾಪ ಇವನಿಗೇನೋ ತೊಂದರೆಯಾಗಿದೆ ಎಂಬ ಮುಖ ಮಾಡುತ್ತಾರೆ.

ಗೌರತ್ತೆ ನಮ್ಮಪ್ಪನ ಕೊನೆಯ ತಂಗಿ. ವಯಸ್ಸಿನಲ್ಲಿ ನನಗಿಂತ ಹೆಚ್ಚೇನೂ ದೊಡ್ಡವಳಲ್ಲ, ಅಧಿಕಾರದಲ್ಲಿ ಬಹಳ ದೊಡ್ಡವಳು. ಕಂದಿಕೆರೆಯ ನಂಜಪ್ಪಮಾವನಿಗೆ ಕೊಟ್ಟಿದ್ದರು. ಮಾವನದು ತೆಂಗಿನ ತೋಟ, ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ. ಮಗ ಸೊಸೆ ಜೊತೆಯಲ್ಲೇ ಇದ್ದಾರೆ. ತೋಟ ಈಗ ಮಗನ ಕೈಯಲ್ಲಿದೆ. ನಾಲ್ಕೈದು ವರ್ಷದ ಹಿಂದೆ ಒಂದು ಭಾನುವಾರ ನಾನು ಊಟಕ್ಕೆ ಹೋಗಿದ್ದೆ. ಅತ್ತೆ ಮುದ್ದೆ ಬಡಿಸುತ್ತ, ಉಪ್ಪು ಬೇಕಾ ಅನ್ನುವ ದನಿಯಲ್ಲಿ ಹೇಳಿದಳು: “ನಾನು ಈಜಿಪ್ಟ್ ನೋಡ್ಬೇಕು.”

ಮಾವ ತುತ್ತು ಮುರಿಯುತ್ತಿದ್ದರು. ತಲೆಯೆತ್ತದೆ, “ಅಲ್ಲಿ ಯಾರವ್ರೆ?” ಅಂದರು.

“ಯಾರೂ ಇಲ್ಲ.”

“ಮತ್ತೆ ಯಾಕೆ? ಒಂದ್ ಕಾರಣ ಹೇಳು.”

“ಕಾರಣ ಏನಿಲ್ಲ. ನೋಡ್ಬೇಕು.”

ಮಾವನಿಗೆ ಇದು ಅರ್ಥವೇ ಆಗಲಿಲ್ಲ. ಅವರು ಕೆಟ್ಟವರಲ್ಲ, ಜಿಪುಣರೂ ಅಲ್ಲ. ಆದರೆ ಒಂದು ದಿನವೂ ಕೆಲಸವಿಲ್ಲದೆ ಊರು ಬಿಟ್ಟವರಲ್ಲ. ಪಕ್ಕದ ಹುಳಿಯಾರಿಗೆ ಹೋದರೂ ಹೋದ ಕೆಲಸ ಮುಗಿಸಿ, ಸಿಕ್ಕಿದ ಮೊದಲ ಬಸ್ಸಿಗೆ ವಾಪಸ್ಸು. “ಹಳೇ ಕಲ್ಲು ನೋಡೋದಾದ್ರೆ ಅರಳಗುಪ್ಪೆ ಗುಡಿಗೆ ಹೋಗ್ಬಾ. ತುರುವೇಕೆರೆಲಿ ಕರೀ ಬಸವಣ್ಣ ಕೂತವ್ನೆ, ಎಣ್ಣೆ ಹಚ್ದಂಗೆ ಹೊಳೀತಾನೆ. ಅದಕ್ಕಿಂತ ಏನದೆ ಅಲ್ಲಿ?”

“ಅದ್ನೂ ನೋಡಿವ್ನಿ, ಇದ್ನೂ ನೋಡ್ತೀನಿ. ಒಂದ್ ಮುದ್ದೆ ಉಂಡಾಯ್ತು ಅಂತ ಇನ್ನೊಂದು ಬ್ಯಾಡ ಅಂತೀರಾ ನೀವು?” ಎಂದು ಅತ್ತೆ ಇನ್ನೊಂದು ಮುದ್ದೆ ಇಟ್ಟಳು. ಮಾವ ಬೇಡ ಅನ್ನಲಿಲ್ಲ.

ಇಬ್ಬರೂ ನನ್ನ ಕಡೆ ತಿರುಗಿದರು. ಪತ್ರಿಕೆಯಲ್ಲಿದ್ದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ನಮ್ಮ ಬಳಗದ ಒಂದು ತಪ್ಪು ತಿಳಿವಳಿಕೆ. ಅದನ್ನು ತಿದ್ದಲು ನಾನೂ ಎಂದೂ ಪ್ರಯತ್ನಿಸಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಜಗತ್ತಿನ ಅತಿ ಹಳೆಯ ನಾಗರಿಕತೆಗಳಲ್ಲಿ ಒಂದು. ಮರುಭೂಮಿಯ ನಡುವೆ ಹರಿಯುವ ಒಂದೇ ಒಂದು ನದಿ ಒಂದು ದೇಶವನ್ನೇ ಸಾಕಿದ ಬಗೆ. ಚಿತ್ರಗಳಲ್ಲಿ ಬರೆಯುತ್ತಿದ್ದ ಲಿಪಿ. ಸತ್ತವರಿಗಾಗಿ ಬದುಕಿದ್ದವರು ಕಟ್ಟಿದ ಮನೆಗಳು. ಭಾನುವಾರದ ಪುರವಣಿಯಲ್ಲಿ ಎಷ್ಟೋ ಸಲ ತಿದ್ದಿದ ವಾಕ್ಯಗಳು, ತಡೆಯಿಲ್ಲದೆ ಬಂದವು.

ಮಾವ ಪೂರ್ತಿ ಕೇಳಿದರು. ಕೈ ತೊಳೆದು ಬಂದು, “ನೀನು ಹೋಗಿದ್ದೀಯೇನಯ್ಯ ಅಲ್ಲಿಗೆ?” ಅಂದರು.

“ಇಲ್ಲ ಮಾವ.”

“ಮತ್ತೆ ಇದೆಲ್ಲ ಹೆಂಗೆ ಗೊತ್ತು?”

“ಓದಿ.”

“ಹಂಗಾದ್ರೆ ಇವ್ಳೂ ಓದ್ಕೊಳ್ಲಿ ಬುಡು.”

ನನ್ನ ವೃತ್ತಿಜೀವನದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ.

ಮುಂದೆ ಕೆಲವು ತಿಂಗಳು ಆ ಮನೆಯಲ್ಲಿ ಇದೇ ಮಾತು. ಮಾವನ ಕೊನೆಯ ಆಸರೆ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಇರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗುಡುಗುಡು ಅನ್ನುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧ. ಹೀಗಾಗಿ ನಮ್ಮ ಮನೆಗಳಲ್ಲಿ ತಲೆಯ ಮೇಲೆ ಸದಾ ಏನೋ ಒಂದು ನಿಧಾನವಾಗಿ ಆಗುತ್ತಿರುತ್ತದೆ. ಕೆಳಗಿರುವವರೂ ಆತುರಪಡುವುದಿಲ್ಲ.

“ಅಟ್ಟದ ಮೇಲೆ ಕಾಯಿ ಅವೆ. ಬಿಟ್ಟು ಹೆಂಗ್ ಬರ್ಲಿ?” ಅಂದರು ಮಾವ.

“ಅವುಗಳ ಪಾಡಿಗೆ ಅವು ಒಣಗ್ತವೆ ಕಣ್ರೀ. ನೀವ್ ಕೆಳಗೆ ಕೂತ್ಕೊಂಡ್ರೆ ಬಿರ್ರನೆ ಒಣಗ್ತವಾ?” ಅಂದಳು ಅತ್ತೆ. ಸೊಸೆ ಅಡುಗೆಮನೆಯಲ್ಲಿ ನಕ್ಕದ್ದು ಹೊರಗೆ ಕೇಳಿಸಿತು. ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. “ನೀವು ಬರ್ಬೇಡಿ. ಇವ್ನು ಬತ್ತಾನೆ. ಕಾರಣ ಇಲ್ದೋರು ಮಾತ್ರ ಹೋಗೋದು.”

‘ಇವ್ನು’ ಅಂದರೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ ಮಾವ ಮೂರನೆಯ ದಿನ ಸೊಸೆಯ ಹತ್ತಿರ ಹೋಗಿ, ಪಾಸ್‌ಪೋರ್ಟಿನ ಫೋಟೋಗೆ ಪಂಚೆ ಉಟ್ಟರೆ ನಡೆಯುತ್ತದೆಯೇ ಎಂದು ವಿಚಾರಿಸಿದರಂತೆ. ಫೋಟೋದಲ್ಲಿ ಕುತ್ತಿಗೆಯಿಂದ ಕೆಳಗೆ ಬರುವುದಿಲ್ಲ ಎಂದು ತಿಳಿದಾಗ ಸ್ವಲ್ಪ ನಿರಾಸೆಯಾಯಿತಂತೆ. “ಲಗೇಜ್ ನೋಡ್ಕೊಳ್ಳಕ್ಕೆ ಒಬ್ರು ಬೇಕಲ್ಲ,” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಅತ್ತೆ ಚಿಕ್ಕನಾಯಕನಹಳ್ಳಿಯ ಟೈಲರ್ ಜಬ್ಬಾರನ ಹತ್ತಿರ ಒಳಜೇಬಿರುವ ರವಿಕೆ ಹೊಲಿಸಿದಳು. ಅಳತೆ ತೆಗೆದುಕೊಳ್ಳಲು ಹೆಂಡತಿಯನ್ನು ಕರೆಯುತ್ತ ಜಬ್ಬಾರ್ ಕೇಳಿದ, “ಈಜಿಪ್ಟಾ? ಅಲ್ಲಿ ಯಾರವ್ರೆ ಅಕ್ಕಾ?” ಅತ್ತೆ ನನ್ನ ಕಡೆ ತಿರುಗಿ, “ನೋಡಿದ್ಯಾ, ಇವ್ನೂ ನಿಮ್ಮಾವನ ಪಾರ್ಟಿ,” ಅಂದಳು.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆಯೊಂದನ್ನು ಪಕ್ಕಕ್ಕೆಳೆದು ನಿಲ್ಲಿಸಿದರು. ತೆರೆಸಿದರೆ ಸೀರೆಗಳ ನಡುವೆ ಉಂಡೆ ಕೊಬ್ಬರಿ. ಒಂದೊಂದನ್ನೂ ಪತ್ರಿಕೆಯ ಕಾಗದದಲ್ಲಿ ಸುತ್ತಿಟ್ಟಿದ್ದಳು ಅತ್ತೆ. ಜೊತೆಗೆ ಬೆಲ್ಲದ ಅಚ್ಚು. ಬೆಲ್ಲ ಒಯ್ಯಬಹುದು, ಕೊಬ್ಬರಿ ಒಯ್ಯುವಂತಿಲ್ಲ, ಎಣ್ಣೆಯಂಶ ಜಾಸ್ತಿ, ಬೆಂಕಿಯ ಅಪಾಯ ಎಂದಳು ತಪಾಸಣೆಯ ಹುಡುಗಿ. ಬೇರೆ ಕಡೆಯ ಪ್ರಯಾಣಿಕರು ಇಂಥ ತಪ್ಪು ಮಾಡಲಾರರು. ನಾವು ಮಾತ್ರ, ಮೂರು ಜನ ಇದ್ದೂ, ಒಬ್ಬರು ಕೊಬ್ಬರಿ ವ್ಯಾಪಾರಿ ಒಬ್ಬ ಪತ್ರಕರ್ತ ಇದ್ದೂ, ಮಾಡಬಹುದಾದ ತಪ್ಪು.

“ಯಾರಿಗೇ ಇದು? ಅಲ್ಲಿ ಯಾರೂ ಇಲ್ಲ ಅಂದ್ಯಲ್ಲ,” ಎಂದರು ಮಾವ.

“ಯಾರ್ ಸಿಗ್ತಾರೋ ಯಾರಿಗ್ ಗೊತ್ತು. ಯಾರಾದ್ರೂ ಮನೇಗೆ ಕರದ್ರೆ ಬರಿಗೈಲಿ ಹೋಗಕ್ಕಾಗ್ತದಾ?”

ಮಾವ ಜಗಳವಾಡಬಹುದೆಂದು ನಾನು ಹೆದರಿದ್ದೆ. ಅವರು ಆ ಹುಡುಗಿಗೆ ಹೇಳಿದರು, “ಸರಿಯಾಗೇ ಹೇಳ್ದೆ ಕಣಮ್ಮ. ಇದು ಹತ್ಕೊಂಡ್ರೆ ಆರ್ಸೋದು ಭಾಳ ಕಷ್ಟ. ನೀರಿಗೆಲ್ಲ ಬಗ್ಗಲ್ಲ.” ತಮ್ಮ ಸರಕಿನ ಶಕ್ತಿಯನ್ನು ಸರ್ಕಾರವೇ ಒಪ್ಪಿಕೊಂಡ ಹೆಮ್ಮೆ ಅವರ ಮುಖದಲ್ಲಿತ್ತು. ಅತ್ತೆಯ ಮುಖ ಮಾತ್ರ ಸಣ್ಣದಾಯಿತು.

ಕೈರೋದಲ್ಲಿ ಮಾವ ಹೇಳಿದಂತೆಯೇ ಮಾಡಿದರು. ಲಗೇಜು ನೋಡಿಕೊಂಡರು. ನಮ್ಮ ಜೊತೆ ಬಂದ ಪ್ರವಾಸದ ಗುಂಪಿನವರೆಲ್ಲ ಪಿರಮಿಡ್ಡಿನ ಕಡೆ ನಡೆದರೆ ಇವರು ಬಸ್ಸಿನಲ್ಲೇ ಕೂತರು, ಅದೂ ಆಚೆ ಬದಿಯ ಕಿಟಕಿಗೆ. ಆ ಬದಿಯಲ್ಲಿ ನಿಂತ ಬೇರೆ ಬಸ್ಸುಗಳನ್ನು ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ಅತ್ತೆ ಬುಡದ ಕಲ್ಲೊಂದರ ಹತ್ತಿರ ಹೋಗಿ ಚಪ್ಪಲಿ ಬಿಟ್ಟು ನಿಂತಳು. ಆ ಒಂದೊಂದು ಕಲ್ಲೂ ಅವಳ ಎದೆಮಟ್ಟ. ಕತ್ತೆತ್ತಿ ನೋಡಿದಳು, ಕತ್ತಿಳಿಸಿದಳು, ಮತ್ತೆ ಎತ್ತಿದಳು. ನಾನು ಪುರವಣಿಯ ಒಂದು ವಾಕ್ಯ ಶುರುಮಾಡಿದೆ. “ಸುಮ್ನಿರೋ ಸ್ವಲ್ಪ,” ಅಂದಳು. ನಾನೂ ಕಲ್ಲಿನ ಮೇಲೆ ಕೈಯಿಟ್ಟೆ. ನಿಜ ಹೇಳಬೇಕೆಂದರೆ ಆ ವಾಕ್ಯಗಳಲ್ಲಿ ಯಾವುದೂ ಅಲ್ಲಿ ಹೊಂದುತ್ತಿರಲಿಲ್ಲ. ನಾನು ತಿದ್ದಿದ್ದ ಲೇಖನಗಳಲ್ಲಿ ಆ ಕಲ್ಲು ಅಷ್ಟು ಬೆಚ್ಚಗಿರುತ್ತದೆ ಎಂದು ಯಾರೂ ಬರೆದಿರಲಿಲ್ಲ.

ವಾಪಸ್ಸು ಬಸ್ಸಿನ ಕಡೆ ಬರುವಾಗ ಅತ್ತೆ ನಿಂತಳು. “ನಿಮ್ಮಾವ ಬರ್ದೆ ಇದ್ರೂ ಪರ್ವಾಗಿಲ್ಲ ಅಂತ ಬಾಯಲ್ಲಿ ಅಂದ್ಬುಟ್ಟೆ. ಆದ್ರೆ ನೋಡು, ನಾನ್ ನೋಡಿದ್ನ ಇವ್ರು ನೋಡ್ದೆ ಹೋದ್ರೆ, ಊರಿಗ್ ಹೋದ್ಮೇಲೆ ಯಾರತ್ರ ಮಾತಾಡ್ಲಿ ಕಣೋ?”

ನನ್ನ ಹತ್ತಿರ ಮಾತಾಡಬಹುದು ಎನ್ನಬಹುದಿತ್ತು, ಆದರೆ ಅದು ಉತ್ತರವಲ್ಲವೆಂದು ಗೊತ್ತಿತ್ತು. ಮನೆಯಲ್ಲಿ ದಿನಾ ಎದುರಿಗೆ ಕೂತು ಉಣ್ಣುವವರ ಹತ್ತಿರ ಆಡುವ ಮಾತು ಬೇರೆ, ತಿಂಗಳಿಗೊಮ್ಮೆ ಊಟಕ್ಕೆ ಬರುವವನ ಹತ್ತಿರ ಆಡುವ ಮಾತು ಬೇರೆ.

ಅಲ್ಲಿಂದ ಲಕ್ಸರಿಗೆ ಹೋದೆವು. ನದಿಯ ದಂಡೆಯ ಊರು. ಹಸಿರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಹೊಲ. ಅದರಾಚೆ ಒಂದು ಹೆಜ್ಜೆ ಇಟ್ಟರೆ ಮರಳು. ಅಲ್ಲಿ ಗುಂಪಿನಿಂದ ಬೇರೆಯಾಗಿ ನಮ್ಮ ಮೂವರಿಗೇ ಒಂದು ಸಣ್ಣ ವ್ಯಾನು, ಅದಕ್ಕೆ ಸಯೀದ್ ಎಂಬ ಚಾಲಕ. ಅತ್ತೆ ಬೆಳಿಗ್ಗೆ ಬೆಳಿಗ್ಗೆ ಅವನ ಕೈಗೆ ಒಂದು ಚೂರು ಬೆಲ್ಲ ಇಟ್ಟಿದ್ದಳು. ಅದನ್ನು ತಿಂದವನು ಮಧ್ಯಾಹ್ನ ವ್ಯಾನನ್ನು ಹೊಲಗಳ ನಡುವೆ ತಿರುಗಿಸಿ, ತನ್ನ ಮನೆಯ ಮುಂದೆ ನಿಲ್ಲಿಸಿದ. ತಾಯಿ ಚಹಾ ಮಾಡಿದ್ದಾಳೆ, ಬನ್ನಿ ಎಂದ. ಬಾಗಿಲಲ್ಲಿ ಕಪ್ಪು ಉಡುಪಿನ ಹಿರಿಯ ಹೆಂಗಸೊಬ್ಬಳು ಎರಡೂ ಕೈ ಚಾಚಿ ನಿಂತಿದ್ದಳು.

ಅತ್ತೆ ಹೊಸ್ತಿಲಿನ ಹೊರಗೆ ನಿಂತುಬಿಟ್ಟಳು.

ಬೆಲ್ಲ ಅಷ್ಟು ಹೊತ್ತಿಗೆ ಮುಗಿದಿತ್ತು. ಸಯೀದನಿಗೆ ಕೊಟ್ಟ ಚೂರೇ ಕೊನೆಯದು. “ಬರಿಗೈಲಿ ಹೆಂಗೋಗ್ಲಿ? ಮೊದಲ್ನೇ ಸಲ ಬತ್ತಿರೋ ಮನೆ,” ಅಂದಳು. ಸಯೀದನಿಗೆ ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ನನ್ನ ಇಂಗ್ಲಿಷಿನಲ್ಲಿ ಅದು ಏನಾಗಿ ಕೇಳಿಸಿತೋ, ಅವನು ಗಾಬರಿಯಾಗಿ ತಾಯಿಗೆ ಏನೋ ಹೇಳಿದ. ಅವಳ ಚಾಚಿದ ಕೈ ನಿಧಾನವಾಗಿ ಇಳಿಯಿತು. ಅವರ ಚಹಾ ನಮಗೆ ಸೇರುವುದಿಲ್ಲವೆಂದು ತಿಳಿದಳೇನೋ. ಅತ್ತೆಗೂ ಅದು ಕಂಡಿತು. ಆದರೂ ಕಾಲು ಮುಂದೆ ಬರಲಿಲ್ಲ. ಆ ಇಬ್ಬರು ಹೆಂಗಸರೂ ಅಳುವ ಹಾಗೆ ನಿಂತಿದ್ದರು.

ಮಾವ ವ್ಯಾನಿನಲ್ಲೇ ಇದ್ದರು, ಎಂದಿನಂತೆ ಆಚೆ ಮುಖ ಮಾಡಿ. ಬಾಗಿಲು ತೆರೆದ ಸದ್ದಾಯಿತು. ಇಳಿದು ಬಂದು ಅತ್ತೆಯನ್ನು ನೋಡಿದರು, ಆ ತಾಯಿಯನ್ನು ನೋಡಿದರು. “ಇಲ್ಲೇ ಇರೇ, ಬಂದೆ,” ಎಂದು ನನ್ನ ಕೈ ಹಿಡಿದು ಬೀದಿಯ ತಿರುವಿನ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯ ಮುಂದೆ ಚೀಲದ ತುಂಬ ಕಂದು ಬಣ್ಣದ, ಮುಷ್ಟಿಗಾತ್ರದ ಒಣಗಿದ ಕಾಯಿಗಳು ಇದ್ದವು. ಡೂಮ್ ಎಂಬ ಒಂದು ಜಾತಿಯ ತಾಳೆಯ ಕಾಯಿ. ಮಾವನ ಕಣ್ಣು ಅದರ ಮೇಲೆ ನಿಂತಿತು. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಕೆಳಗಿಟ್ಟರು. ಇನ್ನೊಂದು ಎತ್ತಿದರು, ಅಲುಗಿಸಿದರು, ಪಕ್ಕಕ್ಕಿಟ್ಟರು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕಾಯಿ ಆರಿಸುವ ಅದೇ ರೀತಿ. ಆ ಕಾಯಿಯನ್ನು ಹೀಗೆ ಯಾರೂ ಆರಿಸುವುದಿಲ್ಲವೆಂದು ತೋರುತ್ತದೆ. ಅಂಗಡಿಯವನು ಮೊದಲು ಕಕ್ಕಾಬಿಕ್ಕಿಯಾದ, ಆಮೇಲೆ ನಗತೊಡಗಿದ, ಕೊನೆಗೆ ತಾನೂ ಒಂದನ್ನು ಎತ್ತಿ ಕಿವಿಗೆ ಹಿಡಿದ.

“ನಗ್ಲಿ ಬುಡು. ಕೊಡೋ ವಸ್ತು ನೋಡ್ಬುಟ್ಟು ಕೊಡ್ಬೇಕು,” ಅಂದರು ಮಾವ.

ಆರಿಸಿದ್ದನ್ನು ಹೆಗಲ ಮೇಲಿನ ಟವಲಿನಲ್ಲಿ ಕಟ್ಟಿಕೊಂಡು ಬಂದು ಅತ್ತೆಯ ಸೆರಗಿಗೆ ಸುರಿದರು. “ಈಗ ಹೋಗು.” ಅತ್ತೆ ಬಲಗಾಲಿಟ್ಟು ಒಳಗೆ ಹೋದಳು. ಸಯೀದನ ತಾಯಿ ಸೆರಗಿನಲ್ಲಿದ್ದುದನ್ನು ನೋಡಿ ಬಾಯಿಗೆ ಕೈಯಿಟ್ಟು ನಗತೊಡಗಿದಳು. ಕಾರಣ ಆಮೇಲೆ ತಿಳಿಯಿತು. ಆ ಮನೆಯ ಹಿತ್ತಲಿನಲ್ಲಿ ಅದೇ ಮರ ಇತ್ತು, ನೆಲದ ತುಂಬ ಅದೇ ಕಾಯಿ ಬಿದ್ದಿತ್ತು. ಕಂದಿಕೆರೆಯ ನಮ್ಮ ಮನೆಗೆ ಯಾರೋ ಪರದೇಶದವರು ಬಂದು, ಊರ ಅಂಗಡಿಯಲ್ಲಿ ಕೊಬ್ಬರಿ ಕೊಂಡು ಉಡುಗೊರೆ ಕೊಟ್ಟ ಹಾಗೆ. ನಗುತ್ತಲೇ ಆ ತಾಯಿ ಒಂದೂ ಬಿಡದೆ ಎಲ್ಲವನ್ನೂ ತನ್ನ ಮಡಿಲಿಗೆ ಹಾಕಿಕೊಂಡು, ಅತ್ತೆಯ ಕೆನ್ನೆ ಹಿಡಿದಳು.

ಚಹಾ ಆಯಿತು. ಹೆಂಗಸರಿಬ್ಬರಿಗೂ ಗೊತ್ತಿದ್ದ ಪದ ಒಂದೂ ಇಲ್ಲ. ಆದರೂ ಮಾತು ನಿಲ್ಲಲಿಲ್ಲ. ಅತ್ತೆ ಕನ್ನಡದಲ್ಲಿ, ಆಕೆ ಅವರ ಭಾಷೆಯಲ್ಲಿ. ರೊಟ್ಟಿಯ ಹಿಟ್ಟನ್ನು ಬಿಸಿಲಿನಲ್ಲಿ ಉಬ್ಬಲು ಇಟ್ಟಿದ್ದನ್ನು ಆಕೆ ತೋರಿಸಿದಳು. ಅತ್ತೆ ಬೆರಳಿನಿಂದ ಒತ್ತಿ ನೋಡಿ, “ಇನ್ನೊಂದ್ ಗಳಿಗೆ ಬೇಕು,” ಎಂದು ಅಭಿಪ್ರಾಯ ಕೊಟ್ಟಳು. ಮಾವ ಕಾಣಲಿಲ್ಲ. ಹುಡುಕಿದರೆ ಮಾಳಿಗೆಯ ಮೇಲಿದ್ದರು. ಅಲ್ಲಿ ಚಾಪೆಯ ಮೇಲೆ ಖರ್ಜೂರ ಒಣಹಾಕಿದ್ದರು. ಸಯೀದನ ಚಿಕ್ಕಪ್ಪನೂ ಮಾವನೂ ಎದುರುಬದುರು ಕುಕ್ಕರಗಾಲಿನಲ್ಲಿ ಕೂತು ಹಣ್ಣು ಮಗುಚುತ್ತಿದ್ದರು. ಹಲವು ವರ್ಷ ಒಟ್ಟಿಗೆ ಆ ಕೆಲಸ ಮಾಡಿದವರ ಹಾಗೆ ಕಾಣುತ್ತಿದ್ದರು.

ಮರುದಿನ ಬೆಟ್ಟದೊಳಗೆ ಕೊರೆದ ಹಳೆಯ ಸಮಾಧಿಯೊಂದಕ್ಕೆ ಹೋದೆವು. ವ್ಯಾನು ನಿಂತಾಗ ಮಾವನೇ ಮೊದಲು ಇಳಿದರು. ಲಗೇಜಿನ ಮಾತೆತ್ತಲಿಲ್ಲ. ಒಳಗೆ ಗೋಡೆಯ ಉದ್ದಕ್ಕೂ ಚಿತ್ರಗಳು. ಬಣ್ಣ ನಿನ್ನೆ ಬಳಿದ ಹಾಗಿತ್ತು. ಅತ್ತೆ ಒಂದು ಕಡೆ ನೋಡುತ್ತಿದ್ದಳು. ಮಾವ ಇನ್ನೊಂದು ಗೋಡೆಯ ಮುಂದೆ ನಿಂತವರು ಕದಲಲೇ ಇಲ್ಲ. ಆಮೇಲೆ, ಆ ತಣ್ಣನೆಯ ಗುಹೆಯಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದರು.

“ಗೌರಾ, ಬಾರೇ ಇಲ್ಲಿ.”

ಮೂರ್ನಾಲ್ಕು ದಶಕದ ಸಂಸಾರದಲ್ಲಿ ಅವರು ಜನರ ಮುಂದೆ ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಹೋದಳು. ಗೋಡೆಯ ಮೇಲೆ ಗಂಡಸರು ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ಒಬ್ಬರ ತಲೆಯ ಮೇಲೆ ಬುಟ್ಟಿ, ಒಬ್ಬರ ಕೈಯಲ್ಲಿ ಬಾತು, ಒಬ್ಬಳ ತೋಳಲ್ಲಿ ಹೂವಿನ ಕಂತೆ, ತಟ್ಟೆಗಳಲ್ಲಿ ಕಾಯಿ, ಹಣ್ಣು, ರೊಟ್ಟಿ.

“ನೋಡೇ, ಒಬ್ರಾದ್ರೂ ಬರಿಗೈಲಿ ಹೋಗ್ತಾವ್ರಾ?” ಅಂದರು ಮಾವ.

“ಹೂಂ ಕಣ್ರೀ,” ಅಂದಳು ಅತ್ತೆ. ಆಮೇಲೆ ಇಬ್ಬರೂ ಆ ಸಾಲಿನ ಜೊತೆಗೇ ನಡೆಯುತ್ತ, ಯಾರ ಕೈಯಲ್ಲಿ ಏನಿದೆ ಎಂದು ಒಬ್ಬರಿಗೊಬ್ಬರು ತೋರಿಸುತ್ತ ಗೋಡೆಯ ಕೊನೆಯವರೆಗೂ ಹೋದರು. ಕಾವಲಿನವನು ಹೊತ್ತಾಯಿತೆಂದು ಎರಡು ಸಲ ಹೇಳಿದ. ಮಾವ ಅವನಿಗೆ, “ತಡಿಯಪ್ಪ, ಇನ್ನೂ ನೋಡಿ ಆಗಿಲ್ಲ,” ಅಂದರು. ನಾನು ಹಿಂದೆ ಉಳಿದೆ. ಅಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅಷ್ಟು ಹಗುರವಾಗಿ ನಾನು ಎಂದೂ ನಿಂತಿರಲಿಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಕಾಫಿ ಆರಿಹೋಗಿತ್ತು. ಹತ್ತು ಗಂಟೆಯ ಹೊತ್ತಿಗೆ ಸೊಪ್ಪು ತರಲೆಂದು ಹೊರಟೆ. ತಿಪಟೂರಿನ ಬಸ್ ನಿಲ್ದಾಣದ ಮುಂದೆ ಹಾದುಹೋಗುವಾಗ ಕಲ್ಲುಬೆಂಚಿನ ಮೇಲೆ ಅವರಿಬ್ಬರೂ ಕಂಡರು. ನೆನೆಯುತ್ತಿದ್ದವರೇ ಎದುರಿಗೆ ಸಿಕ್ಕರೆ ಆಗುವ ಮುಜುಗರ ನಿಮಗೂ ಗೊತ್ತಿರಬಹುದು. ಮಾವ ಇಸ್ತ್ರಿಯ ಅಂಗಿ ಹಾಕಿದ್ದರು. ಅತ್ತೆಯ ಮಡಿಲಲ್ಲಿ ಒಂದು ಕೈಚೀಲ.

“ಎಲ್ಲಿಗೆ ಮಾವ ಹೊರಟಿದ್ದು?”

“ಗೊತ್ತಿಲ್ಲ ಕಣಯ್ಯ. ನಿಮ್ಮತ್ತೆ ಇನ್ನೂ ಹೇಳಿಲ್ಲ.”

“ಯಾವ್ ಬಸ್ಸು ಮೊದ್ಲು ಬತ್ತದೋ ಅದು,” ಅಂದಳು ಅತ್ತೆ, ರಸ್ತೆಯ ಕಡೆಯಿಂದ ಕಣ್ಣು ತೆಗೆಯದೆ. “ಹೋದ್ವಾರ ಹಿಂಗೇ ಹತ್ಕೊಂಡು ತುರುವೇಕೆರೆಗೆ ಹೋಗಿದ್ವಿ. ಬಸವಣ್ಣನ ಮುಂದೆ ಕೂತ್ಕೊಂಡು ಸಂಜೆವರ್ಗೂ ಮಾತಾಡಿದ್ವಿ.”

“ಏನ್ ಮಾತಾಡಿದ್ರಿ?”

“ಅದ್ನ ಪೇಪರ್ನೋರಿಗೆಲ್ಲ ಹೇಳಲ್ಲ ಹೋಗ್ಲಾ,” ಎಂದು ನಕ್ಕಳು.

ಅಷ್ಟರಲ್ಲಿ ಹಳದಿ ಬಣ್ಣದ ಒಂದು ಖಾಸಗಿ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಮಾವ ಬೋರ್ಡು ಓದಲಿಲ್ಲ. ಅತ್ತೆ ಹತ್ತಿದಳು, ಅವರು ಹಿಂದೆಯೇ ಹತ್ತಿದರು. ಹೇಳಬೇಕೆಂದಿದ್ದ ಮಾತು ಏನೋ ಉಳಿದಿತ್ತೆಂದು ನಾನೂ ಹತ್ತಿ, ಅವರ ಸೀಟಿನ ಪಕ್ಕ ಕಂಬಿ ಹಿಡಿದು ನಿಂತೆ. ಕಂಡಕ್ಟರು ಬಂದು ಎಲ್ಲಿಗೆ ಎಂದ. ಮಾವ ಅತ್ತೆಯ ಕಡೆ ನೋಡಿದರು.

“ಎಲ್ಲೀಗಂಟ ಹೋಗ್ತದೋ ಅಲ್ಲೀಗಂಟ ಕೊಡಪ್ಪ,” ಅಂದಳು ಅತ್ತೆ ಕಿಟಕಿ ತೆರೆಯುತ್ತ.

“ಎಷ್ಟು, ಎರಡಾ?”

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೀಟಿನಲ್ಲಿ ಸ್ವಲ್ಪ ಒಳಗೆ ಸರಿದು ಜಾಗ ಮಾಡಿದರು.

“ಮೂರು ಕೊಡು.”

ಬಸ್ಸು ಹೊರಟಿತ್ತು. ನಾನು ಇಳಿಯಲಿಲ್ಲ.